ಹನಿ ನೀರಿನ ಜೀವಲೋಕ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಸಭೆಯಲ್ಲಿ ಕನ್ನಡ ಪಂಡಿತನೊಬ್ಬನನ್ನು ಮಾತನಾಡಲು ನಿಲ್ಲಿಸಿದರೆ ಅವನು ಪಂಪನನ್ನೋ ಕುಮಾರವ್ಯಾಸನನ್ನೋ ಹಿಡಿದು ಹೊರಡುವನೆಂದು ಸಭಿಕರು ಎಣಿಸುವುದು ಸಹಜ. ನಮ್ಮ ಕಾರ್ಯದರ್ಶಿಗಳೂ ಹಾಗೆಯೇ ಎಣಿಸಿದ್ದರೆಂದು ತೋರುತ್ತದೆ. ‘ನೀರಿನಲ್ಲಿ ವಾಸಿಸುವ ಕಣ್ಣಿಗೆ ಕಾಣದ ಜೀವಿಗಳು’ ಎಂದು ನಾನು ವಿಷಯವನ್ನು ಬರೆದುಕೊಟ್ಟಾಗ ಅವರು ಆ ಚೀಟಿಯನ್ನು ಎರಡು ಸಲ ಓದಿದರು. ನಾನು ವಿಜ್ಞಾನವನ್ನು ಓದಿದವನಲ್ಲ. ವಿದ್ವತ್ ಪರೀಕ್ಷೆಗಾಗಿ ಛಂದಸ್ಸು, ಅಲಂಕಾರ, ಶಬ್ದಮಣಿದರ್ಪಣಗಳನ್ನು ಉರುಹಚ್ಚಿ, ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿಕೊಂಡಿರುವವನು. ಆದರೂ ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಅದರಲ್ಲಿ ನನ್ನ ತಪ್ಪೊಂದರ ಕಥೆಯೂ ಸೇರಿದೆ. ಅದನ್ನು ಮುಚ್ಚಿಡದೆ ಹೇಳುತ್ತೇನೆ.

ನಮ್ಮ ಸಂಘದ ಭಾನುವಾರದ ತರಗತಿಗೆ ಬರುವ ಮಕ್ಕಳು ಸುಮಾರು ಇಪ್ಪತ್ತು ಮಂದಿ. ಕೆಲವರ ಮನೆಮಾತು ಬಡಗ, ಕೆಲವರದು ಕನ್ನಡ. ವಾರವೆಲ್ಲ ಓದುವುದು ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಎರಡು ಗಂಟೆಗಳ ಹೊತ್ತು ಅವರಿಗೆ ಅಕ್ಷರ ತಿದ್ದಿಸಿ, ಕಥೆ ಹೇಳಿ, ಪದ್ಯ ಹಾಡಿಸಿ ಕಳುಹಿಸುತ್ತಿದ್ದೆವು. ಒಂದು ದಿನ ಆರನೆಯ ತರಗತಿಯ ಹುಡುಗನೊಬ್ಬನು ಎದ್ದು ನಿಂತು, “ಮೇಷ್ಟ್ರೇ, ಕನ್ನಡದಲ್ಲಿ ಕಥೆ ಪದ್ಯ ಬಿಟ್ಟು ಬೇರೆ ಏನೂ ಇಲ್ಲವೇ? ಸೈನ್ಸ್ ಇಲ್ಲವೇ?” ಎಂದು ಕೇಳಿದನು. ಅವನಲ್ಲಿ ಕುಚೋದ್ಯವಿರಲಿಲ್ಲ, ತಿಳಿಯಬೇಕೆಂದೇ ಕೇಳಿದನು. ಅದರಿಂದಲೇ ಆ ಮಾತು ನನ್ನನ್ನು ನಾಟಿತು. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಹೊರತಂದರು, ಮುಂದೆ ‘ವಿಜ್ಞಾನ ಪ್ರಪಂಚ’ವನ್ನೂ ಬರೆದರು ಎಂದು ನಾನು ಉತ್ತರ ಕೊಟ್ಟೆ. ಹುಡುಗನು ತಲೆಯಾಡಿಸಿ ಕುಳಿತನು. ಪುಸ್ತಕದ ಹೆಸರು ಹೇಳಿದರೆ ಅವನಿಗೆ ಆದದ್ದೇನು? ಕನ್ನಡದಲ್ಲಿ ವಿಜ್ಞಾನವಿದೆಯೆಂದು ಹೇಳುವುದು ಬೇರೆ, ಕನ್ನಡದಲ್ಲಿ ಅದನ್ನು ಮಾಡಿ ತೋರಿಸುವುದು ಬೇರೆ.

ಆ ವಾರವೇ ಸ್ನೇಹಿತರೊಬ್ಬರ ಮೂಲಕ ಒಂದು ಕಾಗದದ ಸೂಕ್ಷ್ಮದರ್ಶಕವನ್ನು ತರಿಸಿದೆ. ಇದಕ್ಕೆ ಫೋಲ್ಡ್‌ಸ್ಕೋಪ್ ಎಂದು ಹೆಸರು. ಮೀರತ್‌ನಲ್ಲಿ ಹುಟ್ಟಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿರುವ ಮನು ಪ್ರಕಾಶ್ ಎಂಬವರೂ ಅವರ ಶಿಷ್ಯರೂ ಇದನ್ನು ರೂಪಿಸಿ 2014ರಲ್ಲಿ ಲೋಕಕ್ಕೆ ತಿಳಿಸಿದರು. ದಪ್ಪ ಕಾಗದವನ್ನು ಗುರುತಿನ ಮೇಲೆ ಮಡಿಸಿ ಜೋಡಿಸಿದರೆ ಆಯಿತು. ನಡುವೆ ಚಿಕ್ಕದಾದ ಒಂದು ಗಾಜಿನ ಮಣಿ. ಬೆಳಕಿಗೆ ಹಿಡಿದು ಕಣ್ಣಿಟ್ಟರೆ ವಸ್ತುವು ನೂರನಲವತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ.

ಚಹಾ ತೋಟದ ಇಳಿಜಾರಿನ ಕೆಳಗೆ ಹರಿಯುವ ಹಳ್ಳಕ್ಕೆ ಮಕ್ಕಳನ್ನು ಕರೆದುಕೊಂಡು ಹೋದೆ. ಹಳ್ಳದ ಕಲ್ಲುಗಳ ಮೇಲೆ ಕಾಲು ಜಾರಿಸುವ ಕಂದು ಬಣ್ಣದ ಲೋಳೆಯಿರುವುದನ್ನು ನೀವೆಲ್ಲರೂ ಬಲ್ಲಿರಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ಕೆರೆದು, ಒಂದು ಹನಿ ನೀರಿನೊಡನೆ ಗಾಜಿನ ಪಟ್ಟಿಯ ಮೇಲಿಟ್ಟೆವು. ಮೊದಲು ನೋಡಿದವನು ಆ ಪ್ರಶ್ನೆ ಕೇಳಿದ ಹುಡುಗನೇ. ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ದೋಣಿಗಳು ಹೋಗುತ್ತಿವೆ” ಎಂದನು.

ಅವನು ಕಂಡದ್ದು ಡಯಾಟಮ್ ಎಂಬ ಒಂದೇ ಕೋಶದ ಪಾಚಿಯನ್ನು. ಇದು ನೀರಿನಲ್ಲಿ ಕರಗಿರುವ ಸಿಲಿಕವನ್ನು ಹೀರಿಕೊಂಡು ತನ್ನ ಸುತ್ತ ಗಾಜಿನಂಥ ಚಿಪ್ಪೊಂದನ್ನು ಕಟ್ಟಿಕೊಳ್ಳುತ್ತದೆ. ಚಿಪ್ಪು ಎರಡು ಹೋಳು. ಕುಂಕುಮದ ಭರಣಿಗೆ ಮುಚ್ಚಳ ಕೂರುವಂತೆ ಒಂದರ ಮೇಲೊಂದು ಕೂರುತ್ತದೆ. ಚಿಪ್ಪಿನ ಮೇಲೆ ಅಕ್ಕಸಾಲಿಗನು ಕೊರೆದಂಥ ಗೆರೆಗಳು, ರಂಧ್ರಗಳು. ಕೆಲವು ದೋಣಿಯಾಕಾರದವು ಮೆಲ್ಲನೆ ಜಾರಿಕೊಂಡು ಹೋಗುತ್ತವೆ. ಕಾಲಿಗೆ ಅಸಹ್ಯವಾಗಿ ತಗಲುವ ಆ ಲೋಳೆಯಲ್ಲಿ ಇಷ್ಟು ನಯವಾದ ಕುಸುರಿಯಿದೆಯೆಂದು ನನಗೂ ಅಂದಿನವರೆಗೆ ತಿಳಿದಿರಲಿಲ್ಲ.

ಮುಂದಿನ ವಾರ ಇನ್ನೊಂದು ಪ್ರಯೋಗ. ಒಣಹುಲ್ಲನ್ನು ಹಳ್ಳದ ನೀರಿನಲ್ಲಿ ನೆನೆಸಿ ಐದಾರು ದಿನ ಬಿಟ್ಟೆವು. ನೀರು ಕದಡಿ, ಸ್ವಲ್ಪ ವಾಸನೆ ಬಂದಿತ್ತು. ಅದರ ಒಂದು ಹನಿಯಲ್ಲಿ ಸಂತೆಯ ಗಲಾಟೆ! ಪ್ಯಾರಮೀಸಿಯಮ್ ಎಂಬ ಪ್ರಾಣಿಗಳು ಮೈತುಂಬ ಇರುವ ನವಿರಾದ ಲೋಮಗಳನ್ನು ಬಡಿಯುತ್ತ, ತಿರುಚಿಕೊಂಡು ಈಜಿ, ಎದುರಿಗೆ ಏನಾದರೂ ಸಿಕ್ಕಿದೊಡನೆ ಹಿಂದಕ್ಕೆ ಸರಿದು ಬೇರೆ ದಿಕ್ಕು ಹಿಡಿಯುತ್ತವೆ. ಉದ್ದ ಒಂದು ಮಿಲಿಮೀಟರಿನ ಕಾಲುಭಾಗ. ಆ ಒಂದೇ ಕೋಶದಲ್ಲಿಯೇ ಬಾಯಿಯಂಥ ತಗ್ಗು, ಉಂಡದ್ದನ್ನು ಅರಗಿಸುವ ಗುಳ್ಳೆ, ಹೆಚ್ಚಾದ ನೀರನ್ನು ಹೊರಕ್ಕೆ ತಳ್ಳುವ ಗುಳ್ಳೆ.

ಮಂಜೂರು ಹೆಸರಿಗೆ ತಕ್ಕಂತೆ ಮಂಜಿನ ಊರು. ಇಲ್ಲಿ ಗೋಡೆ, ಮರ, ಬಂಡೆಗಳ ಮೇಲೆಲ್ಲ ಹಸಿರು ಹಾವಸೆ. ಹಿಮ ಬೀಳುವ ತಿಂಗಳುಗಳಲ್ಲಿ ಅದು ಒಣಗಿ ಸುರುಟಿಕೊಂಡಿರುತ್ತದೆ. ಅಂಥ ಒಣ ಹಾವಸೆಯನ್ನು ನೀರಿನಲ್ಲಿಟ್ಟು ಮಾರನೆಯ ದಿನ ಹಿಂಡಿ ನೋಡಿದರೆ ರೋಟಿಫರ್ ಎಂಬ ಜೀವಿಗಳು ಬದುಕಿ ಎದ್ದಿರುತ್ತವೆ. ತಲೆಯ ಮೇಲಿನ ಎರಡು ಲೋಮದ ಉಂಗುರಗಳು ತಿರುಗುವ ಚಕ್ರಗಳಂತೆ ತೋರುತ್ತ, ನೀರನ್ನು ಸುಳಿಯೆಬ್ಬಿಸಿ ಆಹಾರವನ್ನು ಬಾಯಿಗೆ ಎಳೆದುಕೊಳ್ಳುತ್ತವೆ. ಅದೃಷ್ಟವಿದ್ದರೆ ಎಂಟು ಕಾಲುಗಳ ನೀರುಕರಡಿಯೂ ಕಾಣುತ್ತದೆ. ನಮಗೆ ನಾಲ್ಕನೆಯ ವಾರ ಒಂದು ಕಂಡಿತು. ಆ ದಿನ ಯಾರೂ ಹೊತ್ತಿಗೆ ಸರಿಯಾಗಿ ಮನೆಗೆ ಹೋಗಲಿಲ್ಲ.

ಇವುಗಳನ್ನು ಮೊದಲು ಕಂಡವನ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು. ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ ಲೇವನ್‌ಹುಕ್ ಎಂಬ ಜವಳಿ ವ್ಯಾಪಾರಿಯಿದ್ದನು. ಹುಟ್ಟಿದ್ದು 1632ರಲ್ಲಿ. ಕಾಲೇಜು ಕಂಡವನಲ್ಲ, ಲ್ಯಾಟಿನ್ ಬಲ್ಲವನಲ್ಲ. ತನ್ನ ಊರಿನ ಡಚ್ ಭಾಷೆಯೊಂದೇ ಅವನಿಗೆ ಬರುತ್ತಿದ್ದುದು. ತಾನೇ ಮಸೂರಗಳನ್ನು ಉಜ್ಜಿ ತಯಾರಿಸಿ, ಅವುಗಳಲ್ಲಿ ಕಂಡದ್ದನ್ನೆಲ್ಲ ಡಚ್ಚಿನಲ್ಲಿಯೇ ಬರೆದು ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸುತ್ತಿದ್ದನು. ಅಲ್ಲಿನ ಪಂಡಿತರು ಅದನ್ನು ಭಾಷಾಂತರಿಸಿಕೊಂಡು ಓದುತ್ತಿದ್ದರು. 1674ರಲ್ಲಿ ತನ್ನ ಊರಿನ ಸಮೀಪದ ಸರೋವರವೊಂದರ ನೀರಿನಲ್ಲಿ ಹಸಿರು ಸುರುಳಿಗಳನ್ನೂ ಓಡಾಡುವ ಸೂಕ್ಷ್ಮ ಪ್ರಾಣಿಗಳನ್ನೂ ಕಂಡನು. ಎರಡು ವರ್ಷಗಳ ಮೇಲೆ ಅವನಿಗೊಂದು ವಿಚಿತ್ರವಾದ ಯೋಚನೆ ಬಂದಿತು: ಮೆಣಸು ಖಾರವಾಗಿರುವುದೇಕೆ? ಅದರಲ್ಲಿ ನಾಲಗೆಗೆ ಚುಚ್ಚುವ ಮುಳ್ಳುಗಳಿರಬಹುದೇ? ಹೀಗೆಂದುಕೊಂಡು ಕರಿಮೆಣಸನ್ನು ನೀರಿನಲ್ಲಿ ನೆನೆಯಿಟ್ಟು ವಾರಗಟ್ಟಲೆ ನೋಡಿದನು. ಮುಳ್ಳು ಸಿಕ್ಕಲಿಲ್ಲ, ಅಲ್ಲಿಯವರೆಗೆ ಯಾರೂ ಕಾಣದಿದ್ದ ಬ್ಯಾಕ್ಟೀರಿಯಗಳು ಸಿಕ್ಕಿದವು. ಪಂಡಿತರು ಮೊದಲು ನಂಬಲಿಲ್ಲ. 1677ರಲ್ಲಿ ರಾಬರ್ಟ್ ಹುಕ್ ಎಂಬ ವಿಜ್ಞಾನಿ ತಾನೂ ಮೆಣಸಿನ ನೀರನ್ನು ಪರೀಕ್ಷಿಸಿ, ಆ ಮನುಷ್ಯನು ಹೇಳಿದ್ದು ನಿಜವೆಂದು ಸಾಕ್ಷಿ ನುಡಿದನು. ಒಣಗಿದ ರೋಟಿಫರ್ ಮತ್ತೆ ಬದುಕುವುದನ್ನು ಕಂಡವನೂ ಈ ಜವಳಿ ವ್ಯಾಪಾರಿಯೇ; 1702ರಲ್ಲಿ, ಮನೆಯ ಸೂರಿನ ದೋಣಿಯಲ್ಲಿದ್ದ ಒಣ ಧೂಳಿಗೆ ನೀರು ಹಾಕಿ. ಮೆಣಸು ನಮ್ಮ ಘಟ್ಟದ ತಪ್ಪಲಿನ ಬಳ್ಳಿ. ಅದು ಅಷ್ಟು ದೂರ ಹೋಗಿ ಇಂಥ ಕೆಲಸ ಮಾಡಿತೆಂದು ಕೇಳಿ ಮಕ್ಕಳು ಬಹಳ ಹಿಗ್ಗಿದರು. ನನಗೆ ಹಿಗ್ಗು ತಂದುದು ಬೇರೊಂದು ಸಂಗತಿ: ಊರ ಮಾತೊಂದನ್ನೇ ಬಲ್ಲವನು ಆ ಮಾತಿನಲ್ಲಿಯೇ ಹೊಸ ಲೋಕವನ್ನು ವರ್ಣಿಸಿದನಲ್ಲವೇ?

ಇನ್ನು ನನ್ನ ತಪ್ಪಿನ ಕಥೆ. ಆ ದಿನ ಉತ್ಸಾಹದಲ್ಲಿ, ಅಲಂಕಾರಶಾಸ್ತ್ರ ಓದಿದ ಚಪಲದಲ್ಲಿ, “ಮಕ್ಕಳೇ, ನೀವು ಕುಡಿಯುವ ಒಂದೊಂದು ಲೋಟದಲ್ಲಿಯೂ ಇಂಥ ಸಾವಿರಾರು ಪ್ರಾಣಿಗಳು ಈಜಾಡುತ್ತಿವೆ!” ಎಂದುಬಿಟ್ಟೆ. ಅತಿಶಯೋಕ್ತಿಯೆಂಬುದು ಕಾವ್ಯದಲ್ಲಿ ಅಲಂಕಾರ. ಎಂಟು ವರ್ಷದ ಮಗುವಿನ ಮುಂದೆ ಅದು ಅಪಾಯ. ಮೂರನೆಯ ದಿನ ಬೆಳಗ್ಗೆ ಒಬ್ಬ ತಾಯಿ ನಮ್ಮ ಮನೆಯ ಬಾಗಿಲಿಗೆ ಬಂದರು. “ಮೇಷ್ಟ್ರೇ, ನೀರಿನಲ್ಲಿ ನೀವು ಅದೇನು ತೋರಿಸಿದಿರೋ ಕಾಣೆ, ಮಗು ನೀರನ್ನೇ ಮುಟ್ಟಲೊಲ್ಲದು. ಲೋಟ ಹಿಡಿದರೆ ಹುಳು ಹುಳು ಎಂದು ಅಳುತ್ತದೆ. ನೀವೇ ಬಂದು ಸರಿಮಾಡಿ” ಎಂದರು. ನನಗೆ ತಲೆ ಎತ್ತಲಾಗಲಿಲ್ಲ. ಹೋದೆ. ಹುಡುಗಿ ತುಟಿ ಒಣಗಿಸಿಕೊಂಡು ಮೂಲೆಯಲ್ಲಿ ಕುಳಿತಿದ್ದಳು. ನಾನು ಹೇಳಿದ ಸಮಾಧಾನವೊಂದೂ ನಡೆಯಲಿಲ್ಲ.

ಅದನ್ನು ಸರಿಮಾಡಿದವರು ಆ ಮನೆಯ ಅಜ್ಜಿ. ಬಡಗ ಮಾತಿನಲ್ಲಿ ಅಜ್ಜಿಗೆ ‘ಹೆತ್ತೆ’ ಎನ್ನುತ್ತಾರೆ. ನಮ್ಮ ‘ಹೆತ್ತವಳು’ ಎಂಬ ಮಾತನ್ನು ನೆನಪಿಗೆ ತರುವ ಸೊಗಸಾದ ಶಬ್ದ. ಅವರು ಒಳಗಿನಿಂದ ಒಂದು ಬಿಳಿಯ ಬಟ್ಟೆಯನ್ನು ತಂದು ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ, ನೀರು ಸುರಿದು, “ಚಿಕ್ಕಂದಿನಲ್ಲಿ ನಾವು ಹಳ್ಳದ ನೀರನ್ನು ಹೀಗೆಯೇ ಸೋಸುತ್ತಿದ್ದೆವು. ಈ ಬಟ್ಟೆಯನ್ನು ನಿನ್ನ ಕಾಗದದ ಕಣ್ಣಿನಲ್ಲಿ ನೋಡು, ಹುಳು ಎಲ್ಲಿ ನಿಂತಿದೆಯೋ ಕಾಣುತ್ತದೆ” ಎಂದರು. ಹುಡುಗಿ ಎದ್ದು ಬಂದಳು. ಬಟ್ಟೆಯನ್ನು ತಟ್ಟೆಯ ನೀರಿನಲ್ಲಿ ಅದ್ದಿ ನೋಡಿದೆವು. ಮನೆಯ ನಲ್ಲಿಯ ನೀರಾದುದರಿಂದ ಏನೂ ಸಿಕ್ಕಲಿಲ್ಲ. ಹಳ್ಳದ ನೀರನ್ನು ಸೋಸಿದಾಗ ನೀರುಚಿಗಟವೂ ಸೈಕ್ಲೋಪ್ಸ್ ಎಂಬ ಒಂಟಿಗಣ್ಣಿನ ಜೀವಿಯೂ ಸಿಕ್ಕಿದವು. ಎರಡಕ್ಕೂ ಇರುವ ಭೇದವನ್ನು ಕಣ್ಣಾರೆ ಕಂಡಮೇಲೆ ಅವಳು ಕುದಿಸಿ ಆರಿಸಿದ ನೀರನ್ನು ಒಂದೇ ಉಸಿರಿಗೆ ಕುಡಿದಳು.

ಆ ಬಟ್ಟೆಯ ಮಹಿಮೆಯನ್ನು ಆಮೇಲೆ ಓದಿ ತಿಳಿದೆ. ನೀರನ್ನು ಸೋಸಿ ಬಳಸುವುದು ಜೈನರಲ್ಲಿ ಪುರಾತನವಾದ ಆಚಾರ, ಅದು ಜೀವದಯೆಗಾಗಿ. ಆದರೆ ಕುಡಿಯುವವನ ಜೀವವನ್ನೂ ಅದು ಕಾಯುತ್ತಿತ್ತು. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ನಾರುಹುಣ್ಣು ಎಂಬ ಭಯಂಕರ ವ್ಯಾಧಿಯಿದ್ದುದನ್ನು ಹಿರಿಯರು ಬಲ್ಲರು. ಕಾಲಿನ ಹುಣ್ಣಿನಿಂದ ಗಜದುದ್ದದ ಹುಳು ದಿನವೂ ಇಷ್ಟಿಷ್ಟೇ ಹೊರಬರುತ್ತಿತ್ತು. ಅದರ ಮರಿಗಳನ್ನು ನುಂಗಿದ ಸೈಕ್ಲೋಪ್ಸನ್ನು ಮನುಷ್ಯನು ಬಾವಿಯ ನೀರಿನೊಡನೆ ಕುಡಿದರೆ, ಸುಮಾರು ಒಂದು ವರ್ಷದ ಮೇಲೆ ಹುಳು ಹೊರಡುತ್ತದೆ. ಈ ರೋಗಕ್ಕೆ ಚುಚ್ಚುಮದ್ದಿಲ್ಲ, ಗುಳಿಗೆಯಿಲ್ಲ. ಬಟ್ಟೆಯಲ್ಲಿ ಸೋಸುವುದು, ಮೆಟ್ಟಿಲ ಬಾವಿಗೆ ಇಳಿಯದಿರುವುದು, ನೀರಿಗೆ ಔಷಧಿ ಹಾಕುವುದು ಇವುಗಳಿಂದಲೇ ದೇಶದಲ್ಲಿ ಅದರ ಬೇರು ಕಿತ್ತಿತು. 1996ರಲ್ಲಿ ರಾಜಸ್ಥಾನದಲ್ಲಿ ಕಡೆಯ ರೋಗಿ, 2000ದಲ್ಲಿ ಭಾರತವು ಮುಕ್ತವೆಂಬ ಘೋಷಣೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ರೀಟಾ ಕಾಲ್ವೆಲ್ ಎಂಬ ವಿದುಷಿಯೂ ಸಂಗಡಿಗರೂ ಹಳೆಯ ಸೀರೆಯನ್ನು ನಾಲ್ಕು ಪದರಕ್ಕೆ ಕಡಿಮೆಯಿಲ್ಲದಂತೆ ಮಡಿಸಿ ನೀರು ಸೋಸುವುದನ್ನು ಹೆಂಗಸರಿಗೆ ಕಲಿಸಿ ನೋಡಿದರು. ಕಾಲರಾ ಶೇಕಡ 48ರಷ್ಟು ಇಳಿಯಿತೆಂದು 2003ರಲ್ಲಿ ಪ್ರಕಟಿಸಿದರು. ಕಾಲರಾದ ಬ್ಯಾಕ್ಟೀರಿಯ ಬಟ್ಟೆಯಲ್ಲಿ ನುಸುಳುವಷ್ಟು ಚಿಕ್ಕದು. ಆದರೆ ಅದು ಸೈಕ್ಲೋಪ್ಸಿನ ಬಳಗದ ಜೀವಿಗಳ ಮೈಗೆ ಅಂಟಿಕೊಂಡಿರುತ್ತದೆ. ವಾಹನವನ್ನು ತಡೆದರೆ ಸವಾರನೂ ನಿಂತನು.

ತಾಯಂದಿರು ಒಂದು ಮಾತನ್ನು ಮರೆಯಬಾರದು. ಬಟ್ಟೆಯಿಂದಷ್ಟೇ ನೀರು ಶುದ್ಧವಾಗುವುದಿಲ್ಲ, ಸೋಸಿ ಕುದಿಸಬೇಕು. ಆರು ಸಾವಿರ ಅಡಿಗೂ ಮಿಕ್ಕ ಎತ್ತರದ ನಮ್ಮ ಊರಿನಲ್ಲಿ ನೀರು ನೂರು ಡಿಗ್ರಿಗೆ ಮುನ್ನವೇ, ತೊಂಬತ್ತಮೂರರ ಸುಮಾರಿನಲ್ಲಿ ಕುದಿಯುತ್ತದೆ. ಬೇಳೆ ಬೇಗ ಬೇಯದಿರುವುದಕ್ಕೂ ಇದೇ ಕಾರಣ. ಆದುದರಿಂದ ಗುಳ್ಳೆ ಬಂದೊಡನೆ ಇಳಿಸದೆ ಮೂರು ನಿಮಿಷ ಕುದಿಯಲು ಬಿಡಿ.

ಆದರೆ ಕ್ರಿಮಿಯೆಂದರೆ ರೋಗ, ರೋಗವೆಂದರೆ ಭಯ ಎಂದಷ್ಟೇ ಮಕ್ಕಳಿಗೆ ಕಲಿಸಿದರೆ ನಾವು ಅರ್ಧ ಸತ್ಯವನ್ನು ಹೇಳಿದಂತೆ. ಶಾಲೆಯ ಗೋಡೆಗಳ ಮೇಲಿನ ಚಿತ್ರಗಳಲ್ಲಿ ಸೂಕ್ಷ್ಮಜೀವಿಗೆ ಯಾವಾಗಲೂ ಕೋರೆಹಲ್ಲು! ಬಹುಪಾಲು ಸೂಕ್ಷ್ಮಜೀವಿಗಳು ಮನುಷ್ಯನ ಗೊಡವೆಗೆ ಬರುವುದಿಲ್ಲ. ಅವುಗಳಿಗೆ ಮಾಡಲು ಬೇರೆ ಕೆಲಸವಿದೆ. ಆ ಕೆಲಸವನ್ನು ನಮ್ಮ ಹಳ್ಳದಲ್ಲಿಯೇ ನೋಡಬಹುದು. ಸಿಲ್ವರ್ ಓಕಿನ ಎಲೆಯೊಂದು ನೀರಿಗೆ ಬೀಳುತ್ತದೆ. ಹಾಗೆಯೇ ಇದ್ದರೆ ಅದನ್ನು ತಿನ್ನಬಲ್ಲ ಹುಳುವೇ ಅಪರೂಪ. ನೀರಿನ ಶಿಲೀಂಧ್ರಗಳೂ ಬ್ಯಾಕ್ಟೀರಿಯಗಳೂ ಅದರ ಮೇಲೆ ಕುಳಿತು, ನಾರನ್ನು ಸಡಿಲಿಸಿ ಹದಮಾಡುತ್ತವೆ. ಆಗ ನೀರಿನ ಕೀಟಗಳು ಬಂದು ಮೇಯುತ್ತವೆ. ಮಂಗಳೂರು ವಿಶ್ವವಿದ್ಯಾಲಯದ ವಿದ್ವಾಂಸರು ಪಶ್ಚಿಮಘಟ್ಟದ ಹೊಳೆಗಳಲ್ಲಿ ಈ ಶಿಲೀಂಧ್ರಗಳನ್ನು ಹಲವು ವರ್ಷ ಅಭ್ಯಸಿಸಿದ್ದಾರೆ. ಇವು ಇಲ್ಲದಿದ್ದರೆ ಹಳ್ಳದಲ್ಲಿ ಎಲೆಯ ಮೇಲೆ ಎಲೆ ಬಿದ್ದು ಕೊಳ್ಳವೇ ತುಂಬುತ್ತಿತ್ತು. ಇನ್ನು ಕಲ್ಲಿನ ಮೇಲಿನ ಆ ಕಂದು ಲೋಳೆ ಹಳ್ಳದ ಹುಲ್ಲುಗಾವಲು. ಬಿಸಿಲು ಬಿದ್ದಾಗ ಡಯಾಟಮ್‌ಗಳು ಆಹಾರವನ್ನು ತಯಾರಿಸಿ ಆಮ್ಲಜನಕವನ್ನು ನೀರಿಗೆ ಬಿಡುತ್ತವೆ. ಭೂಮಂಡಲದಲ್ಲಿ ಹಸಿರು ಜೀವಿಗಳು ನಡೆಸುವ ಈ ಕಾರ್ಯದ ಸುಮಾರು ಅರ್ಧಪಾಲು ಸಮುದ್ರದಲ್ಲಿ ತೇಲುವ ಇಂಥ ಅಣುಗಾತ್ರದವುಗಳದೇ. ಡಯಾಟಮನ್ನು ಕೀಟದ ಮರಿ ಮೇಯುತ್ತದೆ, ಕೀಟವನ್ನು ಮೀನು ತಿನ್ನುತ್ತದೆ. ಅವಲಾಂಚಿಯಲ್ಲಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಟ್ರೌಟ್ ಮೀನಿನ ಮರಿಮಾಡುವ ಕೇಂದ್ರವನ್ನು ಕಟ್ಟಿ ಹೊಳೆಗಳಿಗೆ ಮರಿ ಬಿಟ್ಟರು. ದೊರೆಗಳು ಗಾಳ ಹಾಕಿ ಹಿಡಿದ ಮೀನು ಕೂಡ ಕಡೆಗೆ ಈ ಲೋಳೆಯ ಅನ್ನವನ್ನೇ ಉಂಡು ಬೆಳೆದದ್ದು.

ಸೊಳ್ಳೆಯ ಮರಿಯೂ ಇವನ್ನೇ ತಿಂದು ಬೆಳೆಯುತ್ತದೆಂಬುದನ್ನು ಮರೆಸುವುದಿಲ್ಲ. 1897ರಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯರು ಉದಕಮಂಡಲಕ್ಕೆ ಬಂದು, ಮೈಸೂರಿನ ಕಡೆಗೆ ಇಳಿಯುವ ಸೀಗೂರು ಘಾಟಿಯಲ್ಲಿ ಮಲೇರಿಯವನ್ನು ಹುಡುಕಹೋಗಿ ತಾವೇ ಅದಕ್ಕೆ ತುತ್ತಾದರು. ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಜೀವಿಯನ್ನು ಕಂಡರು. ಆದರೆ ಹರಿಯುವ, ಮೀನೂ ಕೊಡತಿಹುಳದ ಮರಿಯೂ ಇರುವ ಹಳ್ಳದಲ್ಲಿ ಸೊಳ್ಳೆಮರಿಗೆ ಸುಖವಿಲ್ಲ. ಅದರ ಅರಮನೆ ನಮ್ಮ ಹಿತ್ತಲಿನ ಒಡೆದ ಡಬ್ಬ.

ಈ ಲೋಕದ ತೂಕ ತಪ್ಪಿದರೆ ಏನಾಗುತ್ತದೆಂಬುದನ್ನು ಮಕ್ಕಳೇ ಮಾಡಿ ನೋಡಿದ್ದಾರೆ. ಎರಡು ಶೀಶೆಗಳಲ್ಲಿ ಹಳ್ಳದ ನೀರು. ಒಂದಕ್ಕೆ ಮಾತ್ರ ಒಂದು ಚಿಟಿಕೆ ರಸಗೊಬ್ಬರ. ಎರಡನ್ನೂ ಕಿಟಕಿಯ ಬಿಸಿಲಿನಲ್ಲಿಟ್ಟೆವು. ಎರಡು ವಾರಗಳಲ್ಲಿ ಗೊಬ್ಬರ ಹಾಕಿದ್ದು ಬಟಾಣಿ ಸಾರಿನಂತೆ ಹಸಿರಾಯಿತು. ಕೆಲವು ದಿನಗಳ ಮೇಲೆ ಆ ಹಸಿರು ಸತ್ತು ತಳಕ್ಕಿಳಿದು ನಾರತೊಡಗಿತು. ಸತ್ತ ಪಾಚಿಯನ್ನು ಕೊಳೆಸುವ ಬ್ಯಾಕ್ಟೀರಿಯಗಳು ನೀರಿನ ಆಮ್ಲಜನಕವನ್ನೆಲ್ಲ ಕುಡಿದುಬಿಡುತ್ತವೆ. ಅಂಥ ನೀರಿನಲ್ಲಿ ಮೀನು ಬದುಕಲಾರದು. 1820ರ ದಶಕದಲ್ಲಿ ಜಾನ್ ಸಲ್ಲಿವನ್ ಕಟ್ಟಿಸಿದ ಉದಕಮಂಡಲದ ಕೆರೆಗೆ ಪಟ್ಟಣದ ಕೊಳಚೆ ಸೇರಿ ಆಗಿರುವ ದುರ್ಗತಿಯನ್ನು ನೀವು ನೋಡಿದ್ದೀರಿ. ಆ ಚಿಟಿಕೆ ಗೊಬ್ಬರವನ್ನು ತಂದ ಹುಡುಗಿಯ ತಂದೆ ಇಲ್ಲಿಯೇ ಮೂರನೆಯ ಸಾಲಿನಲ್ಲಿದ್ದಾರೆ, ಕ್ಯಾರೆಟ್ ಬೆಳೆಯುವವರು. ಅವರಿಗೆ ಉಪದೇಶ ಹೇಳುವ ಅಧಿಕಾರ ನನಗಿಲ್ಲ, ಗೊಬ್ಬರ ಹಾಕದೆ ಈ ಇಳಿಜಾರಿನಲ್ಲಿ ಬೆಳೆ ತೆಗೆಯುವ ಕಷ್ಟ ನನಗೆ ಗೊತ್ತು. ಮಳೆ ಬರುವ ಮುನ್ನಾದಿನ ಹಾಕಬೇಡಿರೆಂದು ಮಗಳೇ ಅವರಿಗೆ ಹೇಳಿದಳಂತೆ. ಅವರು ಕೇಳಿದರೋ ಇಲ್ಲವೋ ಅವಳನ್ನೇ ಕೇಳಬೇಕು. ಮಂಜೂರಿನ ಸುತ್ತಲಿನ ಹಳ್ಳಗಳು ಕುಂದಾ ಹೊಳೆಯನ್ನು ಸೇರುತ್ತವೆ. ಕೆನಡಾ ದೇಶದ ನೆರವಿನಿಂದ 1950ರ ದಶಕದಲ್ಲಿ ಆರಂಭವಾದ ಯೋಜನೆಯ ವಿದ್ಯುದಾಗಾರಗಳನ್ನು ಹೊಕ್ಕು ಹೊರಟ ಆ ನೀರು ಪಿಲ್ಲೂರಿನ ಅಣೆಕಟ್ಟಿಗೆ ಇಳಿದು, ಕೊಯಮತ್ತೂರಿನವರ ಮನೆಯ ನಲ್ಲಿಗೂ ಹೋಗಿ, ಉಳಿದದ್ದು ಭವಾನಿಯಾಗಿ ಕಾವೇರಿಯನ್ನು ಕೂಡುತ್ತದೆ.

ಕಡೆಯದಾಗಿ ಹೆಸರುಗಳ ವಿಷಯ; ಇದು ನನ್ನ ಕಸುಬು. ಈ ಜೀವಿಗಳಿಗೆ ಕನ್ನಡದಲ್ಲಿ ಹೆಸರಿಡಬೇಕೆಂದು ನಾನು ರಾತ್ರಿ ಕುಳಿತು ನಿಘಂಟು ತಿರುವಿ, ರೋಟಿಫರಿಗೆ ‘ಚಕ್ರಮುಖಿ’ ಎಂದೂ ಡಯಾಟಮ್‌ಗೆ ‘ಸಿಕತಾಸಂಪುಟ’ವೆಂದೂ ಟಂಕಿಸಿದೆ. ಭಾನುವಾರ ಹಲಗೆಯ ಮೇಲೆ ಬರೆದೆ. ಮಕ್ಕಳು ವಿಧೇಯರಾಗಿ ನಕಲು ಮಾಡಿಕೊಂಡರು, ಮರುಕ್ಷಣ ಕಾಗದದ ಕಣ್ಣಿನ ಮುಂದೆ ಗುಂಪುಗೂಡಿ, “ಇಲ್ಲಿ ನೋಡು, ರಾಟೆ ಹುಳು!”, “ನನಗೆ ಗಾಜಿನ ಭರಣಿ ಸಿಕ್ಕಿತು!”, “ಚಪ್ಪಲಿ ಹಿಂದಕ್ಕೆ ಓಡಿತು!” ಎಂದು ಕೂಗತೊಡಗಿದರು. ಬಡಗರ ಮನೆಯ ಮಗುವೂ ಕನ್ನಡದ ಮನೆಯ ಮಗುವೂ ಒಬ್ಬರಿಗೊಬ್ಬರು ಅರ್ಥ ಹೇಳಬೇಕಾಗಲಿಲ್ಲ. ನನ್ನ ಸಿಕತಾಸಂಪುಟವನ್ನು ಒರೆಸಿ ಹಾಕಿದೆ. ಸೈನ್ಸ್ ಇಲ್ಲವೇ ಎಂದು ಕೇಳಿದ ಹುಡುಗನು ಈಗ ಒಂದು ನೋಟ್‌ಪುಸ್ತಕ ಇಟ್ಟಿದ್ದಾನೆ. ತಾರೀಖು, ಎಲ್ಲಿಯ ನೀರು, ಏನು ಕಂಡಿತು ಎಂಬುದನ್ನು ಕನ್ನಡದಲ್ಲಿಯೇ ಬರೆಯುತ್ತಾನೆ. ಕಾಗುಣಿತದ ತಪ್ಪುಗಳಿವೆ. ಅವನ್ನು ನಾನು ಪೆನ್ಸಿಲಿನಲ್ಲಿ, ಮೆಲ್ಲಗೆ ತಿದ್ದುತ್ತೇನೆ.

ಆ ಪುಸ್ತಕವನ್ನೂ ಮೂರು ಶೀಶೆಗಳನ್ನೂ ಕಾಗದದ ಸೂಕ್ಷ್ಮದರ್ಶಕವನ್ನೂ ಸಭಾಂಗಣದ ಪಶ್ಚಿಮದ ಕಿಟಕಿಯ ಬಳಿ ಮೇಜಿನ ಮೇಲಿಟ್ಟಿದ್ದೇವೆ. ನೀರು ಕುಡಿಯಲೊಲ್ಲೆನೆಂದು ಅತ್ತ ಹುಡುಗಿಯೇ ಅದರ ಉಸ್ತುವಾರಿ. ಅವಳ ಅಜ್ಜಿಯವರೂ ಪಕ್ಕದಲ್ಲಿ ಕುಳಿತಿದ್ದಾರೆ. ಊಟಕ್ಕೆ ಏಳುವ ಮೊದಲು ಎಲ್ಲರೂ ಒಮ್ಮೆ ಕಣ್ಣಿಟ್ಟು ಹೋಗಬೇಕೆಂದು ಬೇಡುತ್ತೇನೆ. ಮಂಜು ಇಳಿಯುತ್ತಿದೆ, ಬೆಳಕು ಇನ್ನು ಅರ್ಧ ಗಂಟೆ ಇರಬಹುದು. ಮಕ್ಕಳನ್ನು ಮುಂದೆ ಬಿಡಿ.